ನಾಲ್ಕನೆಯ ಪಾಸ್: ಚಾರ್ಲ್ಸ್ ರೀಪ್ ವಾದಕ್ಕೆ ಒಂದು ವ್ಯಾಖ್ಯಾನ

ಚೆಂಡು ಸಿಕ್ಕಿದ ಕೂಡಲೇ ಮುಂದಕ್ಕೆ ಹೊಡೆಯಿರಿ, ಕಾಲಿನಿಂದ ಕಾಲಿಗೆ ದಾಟಿಸುತ್ತ ಹೊತ್ತು ಕಳೆಯಬೇಡಿ ಎಂಬ ಮಾತು ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಹಳೆಯದು. ಅದಕ್ಕೆ ಲೆಕ್ಕದ ಬಲ ಬಂದದ್ದು ಚಾರ್ಲ್ಸ್ ರೀಪ್ ಅವರಿಂದ. 1904ರಲ್ಲಿ ಹುಟ್ಟಿ 2002ರವರೆಗೆ ಬದುಕಿದ ರೀಪ್, ರಾಯಲ್ ಏರ್‌ಫೋರ್ಸ್‌ನ ಲೆಕ್ಕಪತ್ರ ವಿಭಾಗದಲ್ಲಿದ್ದು ವಿಂಗ್ ಕಮಾಂಡರ್ ಹುದ್ದೆಯವರೆಗೆ ಏರಿದವರು. ಆಟಗಾರರಲ್ಲ, ಕೋಚ್ ಅಲ್ಲ. ಆಟ ನೋಡುತ್ತ ಬರೆದುಕೊಳ್ಳುತ್ತಿದ್ದ ಮನುಷ್ಯ. 1968ರಲ್ಲಿ ಸಂಖ್ಯಾಶಾಸ್ತ್ರಜ್ಞ ಬರ್ನಾರ್ಡ್ ಬೆಂಜಮಿನ್ ಅವರ ಜೊತೆಗೂಡಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 'ಸ್ಕಿಲ್ ಅಂಡ್ ಚಾನ್ಸ್ ಇನ್ ಅಸೋಸಿಯೇಷನ್ ಫುಟ್‌ಬಾಲ್' ಎಂಬ ಕೆಲವೇ ಪುಟಗಳ ಲೇಖನ ಪ್ರಕಟಿಸಿದರು. ಲೇಖನದ ದನಿ ಸಂಯಮದ್ದು. ಆದರೆ ಅದರೊಳಗಿನ ಅಂಕಿಗಳು ಡ್ರೆಸ್ಸಿಂಗ್ ರೂಮ್‌ಗಳಿಗೆ ಇಳಿದಾಗ, ರೀಪ್ ಸ್ವತಃ ಕ್ಲಬ್‌ಗಳಿಗೆ ಸಲಹೆ ಕೊಟ್ಟಾಗ, ಇಂಗ್ಲಿಷ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕೋಚಿಂಗ್ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಹ್ಯೂಸ್ 1990ರಲ್ಲಿ 'ದ ವಿನ್ನಿಂಗ್ ಫಾರ್ಮುಲಾ' ಬರೆದು ಅದೇ ಬಗೆಯ ಲೆಕ್ಕ ಮುಂದಿಟ್ಟಾಗ, ಅದೊಂದು ಪೂರ್ಣ ವಾದವಾಗಿ ಬೆಳೆಯಿತು.

ಕೆಳಗಿನ ಏಳು ಸಾಲುಗಳಲ್ಲಿ ಆ ವಾದದ ಮೈಕಟ್ಟು ಇದೆ. ಇವು ಯಾವ ಮೂಲದ ವಾಕ್ಯಗಳೂ ಅಲ್ಲ. ವಾದ ಹೆಜ್ಜೆಯಿಟ್ಟ ಕ್ರಮದಲ್ಲೇ ನನ್ನ ಮಾತಿನಲ್ಲಿ ಸಂಗ್ರಹಿಸಿದ್ದೇನೆ. ಒಂದೊಂದು ಸಾಲಿನಲ್ಲೂ ನಿಂತು ಓದುವುದಕ್ಕೆ ಕಾರಣವಿದೆ. ಒಂದೇ ಉಸಿರಿನಲ್ಲಿ ಓದಿದರೆ ಈ ವಾದಕ್ಕೆ ತಲೆದೂಗದೆ ಇರುವುದು ಕಷ್ಟ. ಇದರ ಅಂಕಿಗಳಲ್ಲಿ ಸುಳ್ಳಿಲ್ಲ. ಅಂಕಿಯಿಂದ ಉಪದೇಶಕ್ಕೆ ದಾಟುವ ಒಂದೇ ಒಂದು ಜಾಗದಲ್ಲಿ ಕಾಲು ಜಾರಿದೆ. ಅದಕ್ಕಿಂತ ಮುಂಚಿನದೂ ಆಮೇಲಿನದೂ ಬಹುಪಾಲು ಗಟ್ಟಿಯಾಗಿರುವುದರಿಂದಲೇ ಆ ಜಾರು ಅಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲ.

ಸಾಲು 1: ಕಣ್ಣಿಗೆ ಕಂಡದ್ದನ್ನು ನಂಬಿ ಕೂರಬೇಡ, ಬರೆದಿಡು, ಎಣಿಸು.

ವಾದದ ಅಡಿಪಾಯ ಇದು, ಮತ್ತು ನನಗೆ ಇದರಲ್ಲಿ ಪೂರ್ಣ ಒಪ್ಪಿಗೆ. 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಮತ್ತು ಬ್ರಿಸ್ಟಲ್ ರೋವರ್ಸ್ ನಡುವಿನ ಪಂದ್ಯ. ಮೊದಲರ್ಧದಲ್ಲಿ ಸ್ವಿಂಡನ್ ಮತ್ತೆ ಮತ್ತೆ ದಾಳಿಗೆ ಹೋಗಿ ಮತ್ತೆ ಮತ್ತೆ ಬರಿಗೈಲಿ ಹಿಂದಿರುಗುವುದನ್ನು ನೋಡಿ ಬೇಸತ್ತ ರೀಪ್, ಎರಡನೆಯ ಅರ್ಧಕ್ಕೆ ನೋಟ್‌ಬುಕ್ಕು ಪೆನ್ಸಿಲ್ಲು ತೆಗೆದರು. ಆ ಅರ್ಧದಲ್ಲಿ ಸ್ವಿಂಡನ್ ಮಾಡಿದ ದಾಳಿಗಳು 147 ಎಂದು ಅವರ ಲೆಕ್ಕ. ಅಲ್ಲಿಂದ ಮುಂದೆ ದಶಕಗಳ ಕಾಲ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ತಮ್ಮದೇ ಸಂಕೇತಲಿಪಿ ಮಾಡಿಕೊಂಡು ಪ್ರತಿ ಪಾಸ್ ಎಲ್ಲಿಂದ ಹೊರಟಿತು, ಎಲ್ಲಿಗೆ ಬಿತ್ತು, ನೆಲದ ಮೇಲೋ ಗಾಳಿಯಲ್ಲೋ, ಯಾರ ಕಾಲಿಗೆ ಸಿಕ್ಕಿತು ಎಂದು ಗುರುತು ಹಾಕಿದರು. 1958ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಸ್ವೀಡನ್ನನ್ನು 5-2ರಿಂದ ಸೋಲಿಸಿತಲ್ಲ, ಆ ಇಡೀ ಆಟವನ್ನು ಗೋಡೆಗೆ ಅಂಟಿಸುವ ವಾಲ್‌ಪೇಪರ್ ಸುರುಳಿಯ ಮೇಲೆ ದಾಖಲಿಸಿದರು. ಈಗ ಕ್ಯಾಮೆರಾ ಮತ್ತು ಕಂಪ್ಯೂಟರ್ ಮಾಡುವ ಕೆಲಸವನ್ನು ಒಬ್ಬ ಮನುಷ್ಯ ಎರಡು ಕಣ್ಣು ಒಂದು ಕೈಯಿಂದ ಮಾಡಿದ. ಆಮೇಲೆ ಅವರ ತೀರ್ಮಾನವನ್ನು ಟೀಕಿಸಿದವರು ಎಷ್ಟೋ ಜನ. ಟೀಕಿಸಲು ಬೇಕಾದ ಅಂಕಿಗಳನ್ನೂ ಅವರೇ ಕೊಟ್ಟಿದ್ದರು.

ಆದರೂ ಇಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಲವತ್ತೈದು ನಿಮಿಷದಲ್ಲಿ 147 ದಾಳಿ ಎಂದರೆ ನಿಮಿಷಕ್ಕೆ ಮೂರಕ್ಕೂ ಹೆಚ್ಚು. ಹಾಗಾದರೆ ದಾಳಿ ಎಂದರೆ ಯಾವುದು? ಡಿಫೆಂಡರ್ ಸುಮ್ಮನೆ ತಲೆಯಿಂದ ತಳ್ಳಿದ ಚೆಂಡೂ ದಾಳಿಯೇ? ಎದುರಾಳಿಯ ಕಾಲಿಗೆ ತಾಗಿ ಮತ್ತೆ ನಮ್ಮವರಿಗೇ ಸಿಕ್ಕರೆ ಅದು ಹಳೆಯ ದಾಳಿಯ ಮುಂದುವರಿಕೆಯೋ ಹೊಸದೋ? ಎಣಿಸುವ ಮುಂಚೆ ಯಾವುದನ್ನು ಒಂದು ಎಂದು ಕರೆಯುತ್ತೇವೆ ಎಂಬ ನಿರ್ಧಾರ ಆಗಿರುತ್ತದೆ. ಈ ನಿರ್ಧಾರ ಮುಂದಿನ ಎಲ್ಲ ಸಾಲುಗಳ ಒಳಗೂ ಕೂತಿದೆ.

ಸಾಲು 2: ನೂರು ಸರಣಿಗಳಲ್ಲಿ ತೊಂಬತ್ತೊಂದೂವರೆ, ಮೂರು ಪಾಸ್ ದಾಟುವ ಮುಂಚೆಯೇ ಮುಗಿಯುತ್ತವೆ.

1953ರಿಂದ 1967ರವರೆಗಿನ 578 ಪಂದ್ಯಗಳ ದಾಖಲೆಯಿಂದ ಬಂದ ಅಂಕಿ ಇದು: 91.5 ಶೇಕಡ. ಒಂದು ತಂಡಕ್ಕೆ ಚೆಂಡು ಸಿಕ್ಕಿ, ಕೈತಪ್ಪುವವರೆಗೆ ಅಥವಾ ಗೋಲಿನತ್ತ ಹೊಡೆಯುವವರೆಗೆ ನಡೆದದ್ದು ಒಂದು ಸರಣಿ. ಅಂಥವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಪಾಸ್ ಕಂಡವು ನೂರಕ್ಕೆ ಎಂಟೂವರೆ ಮಾತ್ರ.

ವಾದದಲ್ಲಿ ಈ ಸಾಲು ಪ್ರಕೃತಿ ನಿಯಮದಂತೆ ನಿಂತಿದೆ. ಫುಟ್‌ಬಾಲ್ ಇರುವುದೇ ಹೀಗೆ, ಉದ್ದದ ಸರಣಿ ಕಟ್ಟುವುದು ಮನುಷ್ಯರಿಗೆ ಸಾಧ್ಯವಾಗದ ಮಾತು ಎಂಬ ಧ್ವನಿ. ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಪ್ರತಿ ಪಾಸ್ ಗುರಿ ಮುಟ್ಟುವ ಸಂಭವ ಒಂದೇ ಎಂದಿಟ್ಟುಕೊಂಡರೆ, ನಾಲ್ಕು ಪಾಸ್ ಸತತವಾಗಿ ಗುರಿ ಮುಟ್ಟುವ ಸಂಭವ ಎಂಟೂವರೆ ಶೇಕಡ ಆಗಬೇಕಾದರೆ ಒಂದೊಂದು ಪಾಸ್ ನೂರಕ್ಕೆ ಐವತ್ತನಾಲ್ಕು ಸಲ ಸರಿಯಾಗಿ ತಲುಪುತ್ತಿತ್ತು ಎಂದಾಯಿತು. ಅಂದರೆ ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಇಂದಿನ ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಪಾಸ್ ಗುರಿ ಮುಟ್ಟುತ್ತವೆ. ಅದೇ ಲೆಕ್ಕದಲ್ಲಿ ನಾಲ್ಕು ಪಾಸ್‌ಗಳ ಸರಣಿಯ ಪಾಲು ನಲವತ್ತು ಶೇಕಡ ದಾಟುತ್ತದೆ. ಸಂಭವ ಎಲ್ಲ ಪಾಸ್‌ಗೂ ಒಂದೇ ಇರುವುದಿಲ್ಲ, ರೀಪ್ ಮತ್ತು ಬೆಂಜಮಿನ್ ಬಳಸಿದ ಗಣಿತವೂ ಇದಕ್ಕಿಂತ ಸೂಕ್ಷ್ಮ. ಆದರೂ ವ್ಯತ್ಯಾಸದ ಪ್ರಮಾಣ ಕಾಣಲು ಇಷ್ಟು ಸಾಕು.

ಹಾಗಾಗಿ ಎರಡನೆಯ ಸಾಲನ್ನು ಒಂದು ಕಾಲದ ವರದಿಯಾಗಿ ಓದಬೇಕು. ನೀರು ಕುಡಿದು ಭಾರವಾಗುವ ಚರ್ಮದ ಚೆಂಡು, ಚಳಿಗಾಲದಲ್ಲಿ ಕೆಸರಾಗುವ ಮೈದಾನ, ಎದುರಾಳಿಯನ್ನು ಒರಟಾಗಿ ತಡೆದರೂ ಬಿಟ್ಟುಬಿಡುವ ರೆಫರಿ, ಬೇಗ ಹೊಡೆಯಿರಿ ಎಂದು ಚಿಕ್ಕಂದಿನಿಂದ ಕಲಿತ ಆಟಗಾರರು: ಇವೆಲ್ಲ ಸೇರಿ ಆ ಅಂಕಿಯನ್ನು ಹುಟ್ಟಿಸಿದವು. ಬೇಗ ಹೊಡೆಯುವವರ ಆಟದಲ್ಲಿ ಸರಣಿ ಚಿಕ್ಕದಾಗಿರುತ್ತದೆ. ಸರಣಿ ಚಿಕ್ಕದು ಎಂಬ ಕಾರಣಕ್ಕೆ ಬೇಗ ಹೊಡೆಯಬೇಕು ಎಂದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದ ಹಾಗಾಯಿತು.

ಸಾಲು 3: ಹತ್ತು ಗೋಲುಗಳಲ್ಲಿ ಎಂಟು ಅಂಥ ಚಿಕ್ಕ ಸರಣಿಗಳಿಂದಲೇ ಬರುತ್ತವೆ.

ಅಂಕಿ ಸರಿ: ಸುಮಾರು 80 ಶೇಕಡ. ಹ್ಯೂಸ್ ಅವರ ಪುಸ್ತಕದಲ್ಲೂ ಇದೇ ಬಗೆಯ ಎಣಿಕೆ. 109 ಪಂದ್ಯಗಳ 202 ಗೋಲುಗಳಲ್ಲಿ 87 ಶೇಕಡ ಐದು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಿಂದ ಬಂದವು ಎನ್ನುತ್ತಾರೆ ಅವರು. ಯಾರು ಎಣಿಸಿದರೂ ಹೆಚ್ಚು ಕಡಿಮೆ ಇಂಥದ್ದೇ ಉತ್ತರ ಬರುತ್ತದೆ.

ಆದರೆ ಈ ಸಾಲು ಯಾವ ಗೋಲನ್ನು ಚಿಕ್ಕ ಸರಣಿಯದು ಎನ್ನುತ್ತದೆ ಎಂದು ಹತ್ತಿರದಿಂದ ನೋಡಿ. ಒಂದು ತಂಡ ಹದಿನೈದು ಪಾಸ್ ಆಡಿ ಎದುರಾಳಿಗಳನ್ನು ಎಡಕ್ಕೂ ಬಲಕ್ಕೂ ಓಡಿಸುತ್ತದೆ. ದಣಿದ ಡಿಫೆಂಡರ್ ಒಬ್ಬ ಕಾಲು ಅಡ್ಡ ಹಾಕಿ ಬೀಳಿಸುತ್ತಾನೆ. ಫ್ರೀಕಿಕ್. ಚೆಂಡು ನೇರ ಬಲೆಗೆ. ಸರಣಿಯ ಲೆಕ್ಕದಲ್ಲಿ ಇದು ಪಾಸೇ ಇಲ್ಲದ ಗೋಲು. ಮತ್ತೊಂದು ಸಲ ಹತ್ತನೆಯ ಪಾಸ್ ಎದುರಾಳಿಯ ಮೊಣಕಾಲಿಗೆ ತಾಗಿ ಚಿಮ್ಮುತ್ತದೆ, ನಮ್ಮ ಫಾರ್ವರ್ಡ್ ಅದನ್ನು ಒಂದೇ ಏಟಿಗೆ ಒಳಗೆ ಹಾಕುತ್ತಾನೆ. ಅದೂ ಪಾಸಿಲ್ಲದ ಗೋಲೇ. ಕಾರ್ನರ್ ಕೂಡ ಹಾಗೆಯೇ, ಅದನ್ನು ಗಳಿಸಿಕೊಟ್ಟ ಉದ್ದದ ಆಟಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಮೊದಲನೆಯ ಸಾಲಿನಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಫಲ ಕೊಡುತ್ತದೆ. ಸರಣಿಯನ್ನು ಎಲ್ಲಿ ಕತ್ತರಿಸುತ್ತೀರಿ ಎಂಬುದರ ಮೇಲೆ ಗೋಲು ಯಾರ ಖಾತೆಗೆ ಎಂಬುದು ನಿರ್ಧಾರವಾಗುತ್ತದೆ.

ಇಷ್ಟಾದರೂ ಈ ಸಾಲನ್ನು ನಾನು ತಳ್ಳಿಹಾಕುವುದಿಲ್ಲ. ತೊಂದರೆ ಇರುವುದು ಮುಂದಿನ ಸಾಲಿನ ಮೊದಲ ಪದದಲ್ಲಿ.

ಸಾಲು 4: ಆದ್ದರಿಂದ ನಾಲ್ಕನೆಯ ಪಾಸ್ ದಂಡ, ಚೆಂಡನ್ನು ಬೇಗ ಮುಂದಕ್ಕೆ ಕಳಿಸಿ.

'ಆದ್ದರಿಂದ' ಎಂಬುದಕ್ಕೆ ಎರಡನೆಯ ಮತ್ತು ಮೂರನೆಯ ಸಾಲುಗಳ ಬೆಂಬಲವಿದೆ ಎಂಬ ಭಾವನೆ ಓದುಗನಿಗೆ ಬರುತ್ತದೆ. ಎರಡು ದೊಡ್ಡ ಅಂಕಿಗಳು ಪಕ್ಕಪಕ್ಕ ಕೂತಿವೆ: ಬಹುಪಾಲು ಸರಣಿಗಳು ಚಿಕ್ಕವು, ಬಹುಪಾಲು ಗೋಲುಗಳು ಚಿಕ್ಕ ಸರಣಿಯವು. ಕಿವಿಗೆ ಎರಡೂ ಒಂದೇ ಮಾತನ್ನು ಹೇಳುತ್ತಿರುವಂತೆ ಕೇಳಿಸುತ್ತದೆ. ಒಂದನ್ನೊಂದು ಎತ್ತಿ ಹಿಡಿಯುತ್ತಿರುವಂತೆಯೂ ಕೇಳಿಸುತ್ತದೆ. ನಿಜದಲ್ಲಿ ಅವೆರಡೂ ಒಂದಕ್ಕೊಂದು ಎದುರು ನಿಂತಿವೆ.

ಸಾವಿರ ಸರಣಿಗಳನ್ನು ತೆಗೆದುಕೊಳ್ಳಿ. ಎರಡನೆಯ ಸಾಲಿನ ಪ್ರಕಾರ ಅವುಗಳಲ್ಲಿ 915 ಚಿಕ್ಕವು, 85 ಉದ್ದದವು. ಲೆಕ್ಕ ಸುಲಭವಾಗಲೆಂದು ಈ ಸಾವಿರದಲ್ಲಿ ಹತ್ತು ಗೋಲು ಬಂದವು ಎಂದಿಟ್ಟುಕೊಳ್ಳೋಣ. ಹತ್ತರ ಬದಲು ಐದಿದ್ದರೂ ಇಪ್ಪತ್ತಿದ್ದರೂ ಹೋಲಿಕೆ ಬದಲಾಗದು. ಮೂರನೆಯ ಸಾಲಿನ ಪ್ರಕಾರ ಎಂಟು ಗೋಲು ಚಿಕ್ಕ ಸರಣಿಗಳ ಪಾಲಿಗೆ, ಎರಡು ಉದ್ದದವುಗಳ ಪಾಲಿಗೆ. ಈಗ ಭಾಗಿಸಿ. 915 ಸರಣಿಗೆ ಎಂಟು ಗೋಲು ಎಂದರೆ ಸುಮಾರು 114 ಪ್ರಯತ್ನಕ್ಕೆ ಒಂದು. 85 ಸರಣಿಗೆ ಎರಡು ಗೋಲು ಎಂದರೆ ಸುಮಾರು 43 ಪ್ರಯತ್ನಕ್ಕೆ ಒಂದು. ರೀಪ್ ಅವರದೇ ಅಂಕಿಗಳ ಪ್ರಕಾರ ಉದ್ದದ ಸರಣಿ ಗೋಲಾಗುವ ಸಂಭವ ಚಿಕ್ಕ ಸರಣಿಯದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು.

ಕ್ರಿಕೆಟ್ ನೋಡುವವರಿಗೆ ಇದು ಚಟ್ಟನೆ ಹೊಳೆಯುತ್ತದೆ. ಬೀಳುವ ವಿಕೆಟ್‌ಗಳಲ್ಲಿ ಬಹುಪಾಲು ಬಲಗೈ ಬೌಲರ್‌ಗಳ ಪಾಲು. ಬೌಲ್ ಮಾಡುವವರಲ್ಲೇ ಬಹುಪಾಲು ಬಲಗೈಯವರು. ಅಷ್ಟಕ್ಕೆ ಎಡಗೈ ಬೌಲರನ್ನು ಯಾವ ಸೆಲೆಕ್ಟರೂ ಮನೆಗೆ ಕಳಿಸುವುದಿಲ್ಲ. ಅವನು ಹಾಕಿದ ಓವರ್‌ಗಳಿಗೆ ಎಷ್ಟು ವಿಕೆಟ್ ಎಂದು ಕೇಳುತ್ತಾರೆ. ಮೂರನೆಯ ಸಾಲಿನಲ್ಲಿ ಅಂಶವಿದೆ, ಛೇದವಿಲ್ಲ. ಛೇದ ಎರಡನೆಯ ಸಾಲಿನಲ್ಲೇ ಇತ್ತು. ಪಕ್ಕಪಕ್ಕದಲ್ಲೇ ಇದ್ದರೂ ಬಹುಕಾಲ ಯಾರೂ ಎರಡನ್ನೂ ಒಂದರ ಕೆಳಗೊಂದು ಬರೆಯಲಿಲ್ಲ. ಜೊನಾಥನ್ ವಿಲ್ಸನ್ 2008ರಲ್ಲಿ ಪ್ರಕಟವಾದ 'ಇನ್ವರ್ಟಿಂಗ್ ದ ಪಿರಮಿಡ್' ಪುಸ್ತಕದಲ್ಲಿ ಈ ಲೋಪವನ್ನು ಬಿಡಿಸಿ ಹೇಳಿ ಸಾಮಾನ್ಯ ಓದುಗರವರೆಗೂ ಮುಟ್ಟಿಸಿದರು. ಅದಕ್ಕೆ ಮೂರು ವರ್ಷ ಮುಂಚೆ, 2005ರಲ್ಲಿ, ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಎಂಬ ಸಂಶೋಧಕರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ಹಿಡಿದು, ಯಾವ ಉದ್ದದ ಸರಣಿ ಎಷ್ಟು ಸಲ ನಡೆಯಿತು ಎಂಬುದಕ್ಕೆ ಗೋಲುಗಳನ್ನು ಹೋಲಿಸಿ ನೋಡಿದ್ದರು. ಗೆಲ್ಲುವ ತಂಡಗಳಲ್ಲಿ ಉದ್ದದ ಸರಣಿಗಳೇ ಹೆಚ್ಚು ಫಲ ಕೊಟ್ಟಿದ್ದವು.

ಇಷ್ಟು ಹೇಳಿ ವಾದವನ್ನು ತಲೆಕೆಳಗು ಮಾಡಿ, ಹಾಗಾದರೆ ನಾಲ್ಕನೆಯ ಪಾಸ್ ಕಡ್ಡಾಯ ಎಂದುಬಿಟ್ಟರೆ ಅದೇ ತಪ್ಪನ್ನು ಇನ್ನೊಂದು ದಿಕ್ಕಿನಿಂದ ಮಾಡಿದಂತೆ. ಉದ್ದದ ಸರಣಿ ಯಾರಿಗೆ ಒದಗುತ್ತದೆ? ಒಳ್ಳೆಯ ಆಟಗಾರರಿರುವ ತಂಡಕ್ಕೆ, ಸೋತು ಸುಸ್ತಾದ ಎದುರಾಳಿ ಸಿಕ್ಕಾಗ. ಅವರು ಗೋಲು ಹೊಡೆದದ್ದು ಪಾಸ್‌ಗಳ ಸಂಖ್ಯೆಯಿಂದಲೋ, ತಾವು ಒಳ್ಳೆಯವರಾಗಿದ್ದರಿಂದಲೋ? ಇನ್ನೊಂದು ಮಾತೂ ಇದೆ. ಒಂದು ಸರಣಿ ನಾಲ್ಕನೆಯ ಪಾಸ್‌ವರೆಗೆ ಉಳಿದಿದೆ ಎಂದರೆ ಅದು ಅಷ್ಟರಲ್ಲೇ ಎಷ್ಟೋ ಅಪಾಯ ದಾಟಿ ಬಂದಿದೆ, ಬಹುಶಃ ಎದುರಾಳಿಯ ಗೋಲಿನ ಹತ್ತಿರಕ್ಕೂ ಬಂದಿದೆ. ಅದನ್ನು ಸ್ವಂತ ಪೆನಾಲ್ಟಿ ಏರಿಯಾದಲ್ಲಿ ಆಗಷ್ಟೇ ಹುಟ್ಟಿದ ಸರಣಿಯ ಜೊತೆ ತೂಗುವುದು ಸರಿಯಲ್ಲ. ಭಾಗಾಕಾರ ಮಾಡಿದ ಮೇಲೆ ನಮಗೆ ಸಿಗುವುದು ಇಷ್ಟೇ: ನಾಲ್ಕನೆಯ ಸಾಲಿನ ಉಪದೇಶಕ್ಕೆ ಹಿಂದಿನ ಎರಡು ಸಾಲುಗಳಿಂದ ಬೆಂಬಲ ಇಲ್ಲ. ಉಪದೇಶ ಸುಳ್ಳು ಎಂದೇ ತೋರಿಸಬೇಕಾದರೆ ಬೇರೆ ಸಾಕ್ಷ್ಯ ಬೇಕು.

ಈ ಜಾರು ಕಣ್ತಪ್ಪಿನಿಂದ ಆದದ್ದು ಎಂದು ನನಗೆ ಅನ್ನಿಸುವುದಿಲ್ಲ. ರೀಪ್ 1933ರಲ್ಲೇ ಆರ್ಸೆನಲ್ ಆಟಗಾರ ಚಾರ್ಲಿ ಜೋನ್ಸ್ ಕೊಟ್ಟ ಉಪನ್ಯಾಸ ಕೇಳಿ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಅವರ ಆ ತಂಡ ಚೆಂಡನ್ನು ಹೇಗೆ ವೇಗವಾಗಿ ಮುಂದಕ್ಕೆ ಸಾಗಿಸುತ್ತದೆ ಎಂಬುದಕ್ಕೆ ಮನಸೋತಿದ್ದರು. ಸ್ವಿಂಡನ್ನಿನ ಆಟ ನೋಡಿ ಬೇಸತ್ತದ್ದೂ ಆ ಮೆಚ್ಚುಗೆಯಿಂದಲೇ. ಎಣಿಸಲು ಕೂರುವ ಹದಿನೇಳು ವರ್ಷ ಮುಂಚೆಯೇ ಉತ್ತರ ಅವರ ಮನಸ್ಸಿನಲ್ಲಿತ್ತು. ಪ್ರಾಮಾಣಿಕವಾಗಿ ಎಣಿಸಿದರು, ಒಂದು ಪಾಸನ್ನೂ ಬಿಡಲಿಲ್ಲ. ಕೊನೆಯ ಭಾಗಾಕಾರ ಅಗತ್ಯ ಎಂದು ಮಾತ್ರ ಅನ್ನಿಸಲಿಲ್ಲ. ಬಂದ ಉತ್ತರ ತಾವು ಮೊದಲೇ ನಂಬಿದ್ದರ ಹಾಗೆಯೇ ಕಾಣುತ್ತಿತ್ತಲ್ಲ.

ಸಾಲು 5: ಹತ್ತು ಹೊಡೆತಕ್ಕೆ ಒಂದು ಗೋಲು, ಉಳಿದದ್ದು ದೈವದ ಕೈಯಲ್ಲಿ. ಹೊಡೆತಗಳನ್ನು ಹೆಚ್ಚಿಸಿ.

ಗೋಲಿನತ್ತ ಹತ್ತು ಸಲ ಹೊಡೆದರೆ ಸರಾಸರಿ ಒಂದು ಒಳಗೆ ಹೋಗುತ್ತದೆ ಎಂಬುದು ರೀಪ್ ಕಂಡುಕೊಂಡ ಅನುಪಾತ. ಇವತ್ತಿನ ಲೀಗ್‌ಗಳಲ್ಲೂ ಅದು ಬಹಳ ಬದಲಾಗಿಲ್ಲ ಎಂಬುದು ಅವರ ಎಣಿಕೆಗೆ ಸಂದ ಗೌರವ. ಒಂದು ಪಂದ್ಯದಲ್ಲಿ ಅದೃಷ್ಟದ ಪಾಲು ದೊಡ್ಡದು, ಉತ್ತಮವಾಗಿ ಆಡಿದ ತಂಡ ಸೋಲುವುದು ಸಹಜ ಎಂದು ಗಣಿತದ ಮೂಲಕ ಹೇಳಿದವರಲ್ಲಿ ರೀಪ್ ಮತ್ತು ಬೆಂಜಮಿನ್ ಮೊದಲಿಗರು. ಸೋತ ಮರುದಿನ ಕೋಚ್‌ನ ತಲೆ ಕೇಳುವ ಲೋಕದಲ್ಲಿ ಇದು ಧೈರ್ಯದ ಮಾತು.

ಆದರೆ ಹತ್ತಕ್ಕೆ ಒಂದು ಎಂಬುದು ಸರಾಸರಿ. ಪೆನಾಲ್ಟಿ ಕಿಕ್ ಸುಮಾರು ನಾಲ್ಕರಲ್ಲಿ ಮೂರು ಸಲ ಗೋಲಾಗುತ್ತದೆ. ಪೆನಾಲ್ಟಿ ಏರಿಯಾದ ಹೊರಗಿನಿಂದ ಹೊಡೆದದ್ದು ನೂರಕ್ಕೆ ಮೂರೋ ನಾಲ್ಕೋ. ಹೊಡೆತಗಳ ಸಂಖ್ಯೆ ಹೆಚ್ಚಿಸಿ ಎಂಬ ಉಪದೇಶ ಕೇಳಿ ಆಟಗಾರರು ಮೂವತ್ತು ಮೀಟರಿನಿಂದ ಬಾರಿಸತೊಡಗಿದರೆ ಆ ಸರಾಸರಿಯೇ ಕುಸಿಯುತ್ತದೆ. ಈಗ ಎಕ್ಸ್‌ಪೆಕ್ಟೆಡ್ ಗೋಲ್ಸ್ ಎಂದು ಟಿವಿ ಪರದೆಯ ಮೇಲೆ ಬರುವ ಅಂಕಿ ಮಾಡುವುದು ಇದನ್ನೇ, ಪ್ರತಿ ಹೊಡೆತಕ್ಕೂ ಅದರ ಜಾಗ ನೋಡಿ ಬೇರೆ ತೂಕ ಕೊಡುತ್ತದೆ. ರೀಪ್ ಪಕ್ಷಕ್ಕೆ ಇಲ್ಲೊಂದು ಅಂಶ ಸೇರಿಸಲೇಬೇಕು. ಮೇಲೆ ಹೇಳಿದ 2005ರ ಅಧ್ಯಯನದಲ್ಲಿ, ನೇರವಾಗಿ ಮುನ್ನುಗ್ಗಿದ ಆಟದಲ್ಲಿ ಹೊಡೆತ ಗೋಲಾಗುವ ಪ್ರಮಾಣ ಹೆಚ್ಚಿತ್ತು. ಉದ್ದದ ಸರಣಿಗಳು ಹೊಡೆತಗಳನ್ನು ಹೆಚ್ಚು ಹುಟ್ಟಿಸುತ್ತಿದ್ದವು, ಚಿಕ್ಕವು ಹುಟ್ಟಿಸಿದ ಹೊಡೆತಗಳು ಹೆಚ್ಚು ಒಳಗೆ ಹೋಗುತ್ತಿದ್ದವು. ಡಿಫೆಂಡರ್‌ಗಳು ಸರಿಯಾಗಿ ನಿಂತುಕೊಳ್ಳುವ ಮುಂಚೆ ಹೊಡೆದದ್ದರ ಫಲ ಅದು ಎಂದು ನನ್ನ ಊಹೆ.

ಸಾಲು 6: ಅರ್ಧದಷ್ಟು ಗೋಲುಗಳು, ಮೈದಾನದ ಕೊನೆಯ ಕಾಲುಭಾಗದಲ್ಲಿ ಚೆಂಡನ್ನು ಮರಳಿ ಕಸಿದುಕೊಂಡಾಗ ಹುಟ್ಟುತ್ತವೆ.

ಇಡೀ ವಾದದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಸಾಲು ಇದು. ವಿಚಿತ್ರವೆಂದರೆ ರೀಪ್ ಹೆಸರು ಹೇಳುವಾಗ ಇದು ಯಾರ ನೆನಪಿಗೂ ಬರುವುದಿಲ್ಲ. ಎದುರಾಳಿಯ ಗೋಲಿನ ಹತ್ತಿರ ಅವರ ಕಾಲಿನಿಂದ ಚೆಂಡು ಕಸಿದರೆ ಅವರ ಡಿಫೆಂಡರ್‌ಗಳು ಆಗ ದಾಳಿಗೆ ಹೊರಡಲೆಂದು ಹರಡಿಕೊಂಡಿರುತ್ತಾರೆ. ಗೋಲಿಗೆ ಮುಖ ಮಾಡಿ ನಿಂತವನಿಗೆ ಎರಡು ಪಾಸ್ ಸಾಕು. ಎಂಬತ್ತು ಶೇಕಡ ಗೋಲುಗಳು ಚಿಕ್ಕ ಸರಣಿಯವಾಗಿರುವುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಸರಣಿ ಚಿಕ್ಕದಾಗಿದ್ದು ಚೆಂಡು ಸಿಕ್ಕ ಜಾಗದಿಂದ. ಮೂರನೆಯ ಸಾಲಿನಲ್ಲಿ ಪಾಸ್‌ಗಳ ಸಂಖ್ಯೆಗೆ ಸಂದ ಕೀರ್ತಿ ಆರನೆಯ ಸಾಲಿನ ಜಾಗಕ್ಕೆ ಸಲ್ಲಬೇಕಿತ್ತು.

ಯೂರ್ಗನ್ ಕ್ಲೋಪ್ ಅವರ ಡಾರ್ಟ್ಮಂಡ್ ತಂಡ 2010-11 ಮತ್ತು 2011-12ರಲ್ಲಿ ಜರ್ಮನಿಯ ಲೀಗ್ ಗೆದ್ದದ್ದು ಚೆಂಡು ಕಳೆದುಕೊಂಡ ಕ್ಷಣವೇ ಮುಗಿಬಿದ್ದು ಅದನ್ನು ಕಸಿಯುವ ಆಟದಿಂದ. ಪೆಪ್ ಗಾರ್ಡಿಯೋಲಾ ಅವರ ಬಾರ್ಸಿಲೋನಾವೂ ಚೆಂಡು ಹೋದ ಕೆಲವೇ ಸೆಕೆಂಡಿನಲ್ಲಿ ಅದನ್ನು ಮರಳಿ ಪಡೆಯಲು ಮೇಲೆ ಬೀಳುತ್ತಿತ್ತು. ಪಾಸ್‌ಗಳ ಸರಣಿಗೆ ಜಗತ್ತಿನಲ್ಲೇ ಹೆಸರಾದ ತಂಡ ಮತ್ತು ಪಾಸ್‌ಗಳನ್ನು ಕಡಿಮೆ ಮಾಡಿ ಎಂದ ಲೆಕ್ಕಿಗ ಈ ಸಾಲಿನಲ್ಲಿ ಒಂದೇ ಕಡೆ ನಿಲ್ಲುತ್ತಾರೆ.

ಬೇರೆಯಾಗುವುದು ದಾರಿಯಲ್ಲಿ. ಎದುರಾಳಿಯ ಗೋಲಿನ ಹತ್ತಿರ ಚೆಂಡು ಕಸಿಯಬೇಕಾದರೆ ಮೊದಲು ಚೆಂಡು ಅಲ್ಲಿಗೆ ಹೋಗಬೇಕು, ನಮ್ಮವರೂ ಅಲ್ಲಿಗೆ ಹೋಗಬೇಕು. ರೀಪ್ ದಾರಿ: ಚೆಂಡನ್ನು ಉದ್ದಕ್ಕೆ ಹೊಡೆಯಿರಿ, ಬೀಳುವ ಕಡೆ ಓಡಿ, ಎದುರಾಳಿ ತಡೆದು ಕೆಳಗೆ ಬಿದ್ದ ಚೆಂಡಿಗಾಗಿ ಹೋರಾಡಿ. ಬಾರ್ಸಿಲೋನಾ ದಾರಿ: ಪಾಸ್ ಮಾಡುತ್ತ ಹನ್ನೊಂದು ಜನರೂ ಒಟ್ಟೊಟ್ಟಾಗಿ ಮೇಲೆ ಸರಿಯಿರಿ, ಆಗ ಚೆಂಡು ಕೈತಪ್ಪಿದರೂ ಅದರ ಸುತ್ತ ನಿಮ್ಮ ನಾಲ್ಕೈದು ಜನ ಇರುತ್ತಾರೆ. ಉದ್ದಕ್ಕೆ ಹೊಡೆದ ಚೆಂಡು ಎರಡು ಮೂರು ಸೆಕೆಂಡಿನಲ್ಲಿ ಐವತ್ತು ಮೀಟರ್ ಹೋಗಬಹುದು, ಮಿಡ್‌ಫೀಲ್ಡಿನ ಆಟಗಾರ ಹೋಗಲಾರ. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಎದುರಾಳಿಯ ಪಾಲಾಗಿ ಅವನ ತಲೆಯ ಮೇಲಿಂದ ಹಿಂದಕ್ಕೆ ಬರುತ್ತಿರುತ್ತದೆ. ಹಾಗೆಂದು ರೀಪ್ ದಾರಿ ತಪ್ಪು ದಾರಿಯಲ್ಲ. ಬೀಳುವ ಜಾಗದಲ್ಲಿ ಎತ್ತರದ, ಗಟ್ಟಿಮುಟ್ಟಾದ ಫಾರ್ವರ್ಡ್ ಇದ್ದು, ಅವನ ಸುತ್ತ ಓಡುವ ಇಬ್ಬರಿದ್ದರೆ ಅದೂ ನಡೆಯುತ್ತದೆ. ವಾದ ಇಲ್ಲಿ ಎರಡು ದಾರಿಗಳ ಮುಂದೆ ನಿಂತಿದೆ, ಆದರೆ ಒಂದೇ ದಾರಿ ಇದೆ ಎಂಬಂತೆ ನಡೆಯುತ್ತದೆ.

ಸಾಲು 7: ನಂಬಿಕೆ ಬಾರದಿದ್ದರೆ ಗೆದ್ದವರನ್ನು ನೋಡಿ.

ಗೆದ್ದವರು ಇದ್ದರು. ಮ್ಯಾನೇಜರ್ ಸ್ಟಾನ್ ಕಲಿಸ್ ಅವರ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡಕ್ಕೆ ರೀಪ್ ಸಲಹೆಗಾರರಾಗಿದ್ದರು. ಆ ತಂಡ 1953-54, 1957-58, 1958-59ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದಿತು. 1954ರ ಡಿಸೆಂಬರ್‌ನಲ್ಲಿ ಪುಷ್ಕಾಶ್ ಮುಂತಾದ ಹಂಗೆರಿಯ ತಾರೆಗಳಿದ್ದ ಹೊನ್ವೆಡ್ ತಂಡವನ್ನು ಸ್ವಂತ ಮೈದಾನದಲ್ಲಿ 3-2ರಿಂದ ಸೋಲಿಸಿತು. ಒಂದು ವರ್ಷದ ಹಿಂದೆಯಷ್ಟೇ ಹಂಗೆರಿ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6-3ರಿಂದ ಬಡಿದು ಹೋಗಿತ್ತು. ಪಾಸ್ ಆಟವನ್ನು ನೇರ ಆಟ ಗೆದ್ದಿತು ಎಂದು ಸಂಭ್ರಮಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಆ ದಿನದ ಮೈದಾನವನ್ನೂ ನೋಡಬೇಕು. ಮಳೆಯಿಂದ ಮೊದಲೇ ಮೆತ್ತಗಾಗಿದ್ದ ನೆಲಕ್ಕೆ ಕಲಿಸ್ ಇನ್ನಷ್ಟು ನೀರು ಹಾಯಿಸಿದ್ದರು. ಅರ್ಧ ಆಟ ಮುಗಿದಾಗ ಹೊನ್ವೆಡ್ 2-0ರಿಂದ ಮುಂದಿತ್ತು. ಎರಡನೆಯ ಅರ್ಧದಲ್ಲಿ ಕೆಸರು ಕಲಸಿ, ನೆಲದ ಮೇಲೆ ಉರುಳಬೇಕಾದ ಪಾಸ್‌ಗಳು ಅರ್ಧದಾರಿಯಲ್ಲೇ ಸಿಕ್ಕಿಬಿದ್ದವು. ಗಾಳಿಯಲ್ಲಿ ಹೋಗುವ ಚೆಂಡಿಗೆ ಕೆಸರಿನ ಹಂಗಿಲ್ಲ. ಕಲಿಸ್ ಮಾಡಿದ್ದು ಜಾಣತನ. ಯಾವ ನೆಲದಲ್ಲಿ ಯಾವ ಆಟ ನಡೆಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಳನೆಯ ಸಾಲು ಗೆಲುವನ್ನು ಎತ್ತಿಕೊಂಡು ನೀರಿನ ಪೈಪನ್ನು ಬಿಟ್ಟುಬರುತ್ತದೆ.

ಆಮೇಲಿನ ಉದಾಹರಣೆಗಳು ಗ್ರಹಾಂ ಟೇಲರ್ ಮತ್ತು ಎಗಿಲ್ ಓಲ್ಸೆನ್. ಟೇಲರ್ 1977ರಲ್ಲಿ ನಾಲ್ಕನೆಯ ಡಿವಿಷನ್ನಿನ ವಾಟ್‌ಫರ್ಡ್ ತಂಡ ವಹಿಸಿಕೊಂಡು 1982-83ರಲ್ಲಿ ಮೊದಲ ಡಿವಿಷನ್ನಿನ ಎರಡನೆಯ ಸ್ಥಾನಕ್ಕೆ ಒಯ್ದರು. ಓಲ್ಸೆನ್ ರೀಪ್ ಅವರನ್ನು ಗುರುವಿನಂತೆ ಗೌರವಿಸಿದವರು. ಓಲ್ಸೆನ್ ಕೋಚ್ ಆಗಿದ್ದ ನಾರ್ವೆ 1990ರ ದಶಕದಲ್ಲಿ ಫಿಫಾ ಪಟ್ಟಿಯ ಎರಡನೆಯ ಸ್ಥಾನದವರೆಗೆ ಏರಿತು, 1998ರ ವಿಶ್ವಕಪ್‌ನಲ್ಲಿ ಮಾರ್ಸೇಯಲ್ಲಿ ಬ್ರೆಜಿಲ್ಲನ್ನು 2-1ರಿಂದ ಸೋಲಿಸಿತು. ಎಡಬದಿಯ ಡಿಫೆಂಡರ್ ಅಡ್ಡಲಾಗಿ ಉದ್ದಕ್ಕೆ ಹೊಡೆದ ಚೆಂಡನ್ನು ಬಲತುದಿಯಲ್ಲಿ ನಿಂತ ನೀಳಕಾಯದ ಯೋಸ್ಟೈನ್ ಫ್ಲೋ ತಲೆಯಿಂದ ಒಳಗೆ ಇಳಿಸುತ್ತಿದ್ದ ಬಗೆ ಇಡೀ ಯುರೋಪಿಗೆ ಪರಿಚಿತವಾಗಿತ್ತು. ಸಣ್ಣ ದೇಶ, ಕಡಿಮೆ ಹಣ, ಕೆಲವೇ ಉತ್ತಮ ಆಟಗಾರರು: ಇಂಥ ತಂಡಕ್ಕೆ ಈ ದಾರಿ ನಿಜಕ್ಕೂ ಒದಗುತ್ತದೆ. ಕೌಶಲದಲ್ಲಿ ಹಿಂದಿರುವವರು ಆಟದಲ್ಲಿ ಅದೃಷ್ಟದ ಪಾಲನ್ನು ಹೆಚ್ಚಿಸಿಕೊಂಡರೆ ಅವರಿಗೇ ಲಾಭ, ಇದು ಐದನೆಯ ಸಾಲಿನಿಂದಲೇ ಹೊರಡುವ ಮಾತು.

ಆದರೆ 1994ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ನಾರ್ವೆ ಇದ್ದ ಗುಂಪಿನಲ್ಲೇ ಇಂಗ್ಲೆಂಡೂ ಇತ್ತು. ಅದರ ಮ್ಯಾನೇಜರ್ ಅದೇ ಗ್ರಹಾಂ ಟೇಲರ್. 1993ರ ಜೂನ್‌ನಲ್ಲಿ ಓಸ್ಲೋದಲ್ಲಿ ನಾರ್ವೆ 2-0ರಿಂದ ಗೆದ್ದಿತು, ಗುಂಪಿನಲ್ಲಿ ಮೊದಲಿಗರಾಗಿ ಅಮೆರಿಕಕ್ಕೆ ಹೋಯಿತು. ಇಂಗ್ಲೆಂಡ್ ಮನೆಯಲ್ಲೇ ಉಳಿಯಿತು. ಗೆದ್ದವರನ್ನು ನೋಡಿ ಎನ್ನುವ ಸಾಲಿಗೆ ಇಲ್ಲಿ ಓಲ್ಸೆನ್ ಮಾತ್ರ ಕಾಣುತ್ತಾರೆ.

ನಾರ್ವೆಯವರು ಇಲ್ಲಿಗೇ ನಿಲ್ಲಲಿಲ್ಲ ಎಂಬುದು ನನಗೆ ಸಂತೋಷದ ವಿಷಯ. ಆಲ್ಬಿನ್ ಟೆಂಗಾ ಮತ್ತು ಸಂಗಡಿಗರು ನಾರ್ವೆಯ ಲೀಗ್ ಪಂದ್ಯಗಳನ್ನು ಹಿಡಿದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಸ್‌ಗಳ ಸಂಖ್ಯೆಯ ಜೊತೆಗೆ ಇನ್ನೊಂದನ್ನೂ ದಾಖಲಿಸಿದರು: ಆ ಕ್ಷಣದಲ್ಲಿ ಎದುರಾಳಿಯ ಡಿಫೆನ್ಸ್ ಸರಿಯಾಗಿ ನಿಂತಿತ್ತೋ ಚದುರಿತ್ತೋ. ಚದುರಿದ್ದಾಗ ಥಟ್ಟನೆ ಮುನ್ನುಗ್ಗುವ ದಾಳಿಯೇ ಹೆಚ್ಚು ಫಲಕಾರಿ ಎಂದು ಕಂಡಿತು. ಸರಿಯಾಗಿ ನಿಂತಿದ್ದಾಗ ಅದಕ್ಕೆ ಆ ಮೇಲುಗೈ ಇರಲಿಲ್ಲ. ನಾಲ್ಕನೆಯ ಪಾಸ್ ದಂಡವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಚೆಂಡು ಇರುವವನ ಕಾಲಿನಲ್ಲಿಲ್ಲ, ಎದುರಿಗೆ ನಿಂತವರ ಸಾಲಿನಲ್ಲಿದೆ. ತರಬೇತಿಯಲ್ಲಿ ಕಲಿಸಬೇಕಾದ್ದು ತಲೆ ಎತ್ತಿ ಆ ಸಾಲನ್ನು ನೋಡುವುದನ್ನು.

ರೀಪ್ ಅವರಿಗೆ ಸಲ್ಲಬೇಕಾದ ಇನ್ನೊಂದು ಸಂಗತಿ ಅವರ ಟೀಕಾಕಾರರ ಬರಹಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ತೊಂಬತ್ತು ದಾಟಿದ ವಯಸ್ಸಿನಲ್ಲಿ, 1997ರಲ್ಲಿ, ಸಂಶೋಧಕ ರಿಚರ್ಡ್ ಪೊಲಾರ್ಡ್ ಅವರ ಜೊತೆ ಅವರು ಇನ್ನೊಂದು ಲೇಖನ ಪ್ರಕಟಿಸಿದರು. ಅದರಲ್ಲಿ ಚೆಂಡು ಒಂದು ತಂಡದ ಬಳಿ ಇರುವಾಗ, ಆ ಜಾಗದಲ್ಲಿ ಆ ಸ್ಥಿತಿಯಲ್ಲಿ, ಗೋಲು ಹೊಡೆಯುವ ಸಂಭವ ಎಷ್ಟು, ಗೋಲು ಹೊಡೆಸಿಕೊಳ್ಳುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆದು ಒಂದೊಂದು ತಂತ್ರಕ್ಕೂ ಬೆಲೆ ಕಟ್ಟುವ ವಿಧಾನವಿದೆ. 1968ರ ಲೆಕ್ಕದಲ್ಲಿ ಗೋಲುಗಳನ್ನು ಮಾತ್ರ ಪಾಲು ಹಾಕಿದ್ದವರು ಇಲ್ಲಿ ಗೋಲಾಗದೆ ಹೋದ ಪ್ರಯತ್ನಗಳನ್ನೂ ಎದುರಾಳಿಗೆ ಒದಗಿದ ಅವಕಾಶಗಳನ್ನೂ ಎದುರಿಗಿಟ್ಟುಕೊಂಡು ಕೂತಿದ್ದರು.